ಬಳಸಿದ ಕ್ಯಾಮೆರಾಗಳಿಗೆ ಶಟರ್ ತಪಾಸಣೆಯ ಚೀಟಿ: ಬರುವ ತಿಂಗಳಿನಿಂದ ನಮ್ಮ ಅಂಗಡಿಯಲ್ಲಿ ಹೊಸ ಕ್ರಮ

ಮಾನ್ಯ ಗ್ರಾಹಕರೇ,

ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ಮೈಸೂರಿನ ನಮ್ಮ ಅಂಗಡಿಯಲ್ಲಿ ಬಳಸಿದ ಯಾವ ಡಿಜಿಟಲ್ ಕ್ಯಾಮೆರಾವನ್ನೂ ಶಟರ್ ತಪಾಸಣೆಯ ಚೀಟಿ ಇಲ್ಲದೆ ಮಾರುವುದಿಲ್ಲ. ಶಟರ್ (ಬೆಳಕನ್ನು ಒಳಗೆ ಬಿಟ್ಟು ಮತ್ತೆ ಮುಚ್ಚುವ ಭಾಗ) ಎಷ್ಟು ಬಾರಿ ಓಡಿದೆ, ಆ ಸಂಖ್ಯೆಯನ್ನು ಯಾವ ವಿಧಾನದಿಂದ ಓದಿದೆವು, ಬೇರೆ ಬೇರೆ ವೇಗಗಳಲ್ಲಿ ಅದು ಈಗ ಹೇಗೆ ಕೆಲಸ ಮಾಡುತ್ತಿದೆ ಎಂಬುದೆಲ್ಲ ಆ ಚೀಟಿಯಲ್ಲಿರುತ್ತದೆ. ಇದರಿಂದ ನಾವು ಬೆಲೆ ಕಟ್ಟುವ ರೀತಿ ಬದಲಾಗುತ್ತದೆ. ಕ್ಯಾಮೆರಾ ಮಾರಲು ತರುವವರಿಗೆ ಹಣ ಅದೇ ದಿನ ಕೈಗೆ ಬರುವುದಿಲ್ಲ. ಹಾಗಾಗಿ ಕಾರಣವನ್ನು ಸ್ವಲ್ಪ ವಿವರವಾಗಿಯೇ ತಿಳಿಸುತ್ತಿದ್ದೇವೆ.

ಅಂಗಡಿಗೆ ಬಂದವರು ಮೊದಲು ಕೇಳುವುದು "ಎಷ್ಟು ಕ್ಲಿಕ್ ಆಗಿದೆ?" ಎಂದು. ಕೇಳಬೇಕಾದ ಪ್ರಶ್ನೆಯೇ ಅದು. ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಆಗಲಿ, ಕನ್ನಡಿಯಿಲ್ಲದ ಮಿರರ್‌ಲೆಸ್ ಆಗಲಿ, ಕ್ಯಾಮೆರಾದ ಒಳಗೆ ಪ್ರತಿ ಚಿತ್ರಕ್ಕೂ ಓಡಾಡಿ ಸವೆಯುವ ಮುಖ್ಯ ಭಾಗಗಳಲ್ಲಿ ಶಟರ್ ಒಂದು. ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್‌ನ ಮುಂದೆ ತೆಳುವಾದ ಬ್ಲೇಡುಗಳಿಂದ ಮಾಡಿದ ಎರಡು ಪರದೆಗಳಿರುತ್ತವೆ. ಮೊದಲನೆಯದು ಸರಿದು ಬೆಳಕನ್ನು ಬಿಡುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ಸ್ಪ್ರಿಂಗು, ಮೋಟಾರು, ಬ್ಲೇಡುಗಳ ಓಟವನ್ನು ತಡೆದು ನಿಲ್ಲಿಸುವ ಬಿಡಿಭಾಗಗಳು ಎಲ್ಲವೂ ಸಾವಿರಾರು ಬಾರಿ ಪೆಟ್ಟು ತಿನ್ನುತ್ತವೆ. ಆದ್ದರಿಂದಲೇ ತಯಾರಕರು ಹಲವು ಮಾದರಿಗಳಿಗೆ ಶಟರ್ ಎಷ್ಟು ಓಟಗಳನ್ನು ತಾಳುವಂತೆ ಪರೀಕ್ಷಿಸಿದ್ದೇವೆ ಎಂದು ಹೇಳುತ್ತಾರೆ. ನಿಕಾನ್ ಡಿ5600 ರೀತಿಯ ಆರಂಭಿಕರ ಮಾದರಿಗೆ 1 ಲಕ್ಷ, ನಿಕಾನ್ ಡಿ750 ಮತ್ತು ಕ್ಯಾನನ್ 5ಡಿ ಮಾರ್ಕ್ 4ಕ್ಕೆ ಒಂದೂವರೆ ಲಕ್ಷ, ನಿಕಾನ್ ಡಿ850ಕ್ಕೆ 2 ಲಕ್ಷ, ಪತ್ರಿಕಾ ಛಾಯಾಗ್ರಾಹಕರು ಹಿಡಿಯುವ ನಿಕಾನ್ ಡಿ5ಕ್ಕೆ 4 ಲಕ್ಷ.

ಈ ಸಂಖ್ಯೆ ಆಯುಷ್ಯದ ಗಡಿ ಎಂದು ಅನೇಕರು ತಿಳಿದಿದ್ದಾರೆ. ಅದು ಪರೀಕ್ಷೆಯ ಗುರಿ ಮಾತ್ರ. ಒಂದೂವರೆ ಲಕ್ಷ ಎಂದು ಹೇಳಿದ ಶಟರ್ ಮೂರು ಲಕ್ಷ ದಾಟಿಯೂ ಸರಿಯಾಗಿ ಓಡಬಹುದು, ಮೂವತ್ತು ಸಾವಿರಕ್ಕೇ ಕೈಕೊಡಲೂಬಹುದು. ಸಂಖ್ಯೆಯೊಂದನ್ನೇ ನೋಡಿ ಕ್ಯಾಮೆರಾ ಕೊಳ್ಳುವುದು, ಎಷ್ಟು ಕಿಲೋಮೀಟರ್ ಓಡಿದೆ ಎಂದು ಮಾತ್ರ ಕೇಳಿ, ಎಂಜಿನ್ ಶುರು ಮಾಡಿಯೂ ನೋಡದೆ ಬೈಕ್ ಕೊಂಡಂತೆ.

ನಮ್ಮ ಊರಿನ ಬಳಕೆಯನ್ನೇ ನೋಡಿ. ಮದುವೆಯ ಛಾಯಾಗ್ರಾಹಕರ ಕ್ಯಾಮೆರಾ ಮುಹೂರ್ತದಿಂದ ಆರತಕ್ಷತೆ ಮುಗಿಯುವವರೆಗೆ ನಿಲ್ಲದೆ ಓಡುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲದಾಗ ಸ್ಟುಡಿಯೊದವರು ಹೊಸ ಮಾದರಿಗೆ ಬದಲಾಯಿಸಿಕೊಳ್ಳುತ್ತಾರೆ, ಹಳೆಯವು ನಮ್ಮಲ್ಲಿಗೆ ಬರುತ್ತವೆ. ರಂಗನತಿಟ್ಟಿನಲ್ಲೋ ಕಬಿನಿಯಲ್ಲೋ ಪಕ್ಷಿಗಳ ಚಿತ್ರ ತೆಗೆಯುವವರು ಒಂದು ಹಾರಾಟಕ್ಕೆ ಹತ್ತಾರು ಚೌಕಟ್ಟುಗಳನ್ನು ಒಂದೇ ಉಸಿರಿನಲ್ಲಿ ಹಿಡಿಯುತ್ತಾರೆ. ಅವರ ಕ್ಯಾಮೆರಾದ ಎಣಿಕೆ ಮೇಲೇರಿರುತ್ತದೆ, ಆದರೆ ಬಹಳ ಸಲ ಅದನ್ನು ಒರೆಸಿ, ಒಣಗಿಸಿ, ಒಣ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಇನ್ನೊಂದೆಡೆ, ಆಸೆಯಿಂದ ಕೊಂಡು, ಒಂದೆರಡು ಪ್ರವಾಸ ಮುಗಿಸಿ, ಮಲೆನಾಡಿನ ಮನೆಯ ಬೀರುವಿನಲ್ಲಿ ಹಲವು ಮಳೆಗಾಲ ಮಲಗಿದ್ದ ಕ್ಯಾಮೆರಾ ಬರುತ್ತದೆ. ಎಣಿಕೆ ಒಂಬತ್ತು ಸಾವಿರವೂ ದಾಟಿರುವುದಿಲ್ಲ. ನಮ್ಮನ್ನು ಕೇಳಿದರೆ, ಈ ಬೀರುವಿನ ಕ್ಯಾಮೆರಾವನ್ನೇ ಹೆಚ್ಚು ಎಚ್ಚರಿಕೆಯಿಂದ ಪರೀಕ್ಷಿಸಬೇಕು. ತೇವ, ಬೂಷ್ಟು, ಬಹುಕಾಲ ಅಲುಗಾಡದೆ ಇದ್ದ ಬ್ಲೇಡುಗಳು ಏನು ಮಾಡಿವೆ ಎಂಬುದನ್ನು ಎಣಿಕೆ ಹೇಳುವುದಿಲ್ಲ.

ಎಣಿಕೆಯನ್ನು ಓದುವ ಬಗೆಯೂ ಎಲ್ಲ ಕಂಪನಿಗಳಲ್ಲಿ ಒಂದೇ ಅಲ್ಲ. ನಿಕಾನ್ ಕ್ಯಾಮೆರಾಗಳು ಪ್ರತಿ ಫೋಟೊ ಫೈಲಿನ ಒಳಗೇ ಶಟರ್ ಎಣಿಕೆಯನ್ನು ಬರೆದಿಡುತ್ತವೆ. ಸೋನಿಯ ಹಲವು ಆಲ್ಫಾ ಮಾದರಿಗಳಲ್ಲೂ ಹಾಗೆಯೇ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಮನೆಯಲ್ಲೇ ಓದಬಹುದು. ಆದರೆ ಫೈಲು ಕ್ಯಾಮೆರಾದಿಂದ ನೇರವಾಗಿ ಬಂದಿರಬೇಕು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಈ ಮಾಹಿತಿಯೆಲ್ಲ ಅಳಿಸಿಹೋಗುತ್ತದೆ, ಎಡಿಟ್ ಮಾಡಿ ಉಳಿಸಿದರೂ ಹೋಗಬಹುದು. ಕ್ಯಾನನ್‌ನ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳು ಎಣಿಕೆಯನ್ನು ಫೋಟೊದಲ್ಲಿ ಬರೆಯುವುದೇ ಇಲ್ಲ. ಅವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ತಕ್ಕ ತಂತ್ರಾಂಶದಿಂದ ಓದಬೇಕಾಗುತ್ತದೆ. ಆದ್ದರಿಂದ ಕ್ಯಾನನ್ ಫೋಟೊ ಒಂದನ್ನು ತೋರಿಸಿ "ಇದರಲ್ಲಿ ಎಣಿಕೆ ಇದೆ" ಎಂದು ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ.

ಫೈಲಿನ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಿ ಮೋಸ ಹೋದವರೂ ಇದ್ದಾರೆ. ಆ ಸಂಖ್ಯೆ 9999 ತಲುಪಿದ ಮೇಲೆ ಮತ್ತೆ ಒಂದರಿಂದ ಶುರುವಾಗುತ್ತದೆ. ಮೆನುವಿಗೆ ಹೋಗಿ ಅದನ್ನು ಯಾರು ಬೇಕಾದರೂ ಮೊದಲಿಗೆ ತರಬಹುದು. ಫೈಲಿನ ಹೆಸರು 2300 ಎಂದಿರುವ ಕ್ಯಾಮೆರಾ 2300 ಚಿತ್ರ ತೆಗೆದಿರಬಹುದು, ಸುಮಾರು 1,22,300 ಕೂಡ ತೆಗೆದಿರಬಹುದು.

ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ವಿಷಯವೊಂದಿದೆ. ಎಣಿಕೆ ಉಳಿಯುವುದು ಶಟರ್‌ನ ಒಳಗಲ್ಲ, ಕ್ಯಾಮೆರಾದ ಸರ್ಕ್ಯೂಟ್ ಬೋರ್ಡಿನ ಮೆಮೊರಿಯಲ್ಲಿ. ಹೀಗಾಗಿ ರಿಪೇರಿಯಲ್ಲಿ ಮುಖ್ಯ ಬೋರ್ಡ್ ಬದಲಾದರೆ ಹಳೆಯ ಶಟರ್ ಇದ್ದೂ ಎಣಿಕೆ ಸೊನ್ನೆಯಾಗಿರಬಹುದು. ಶಟರ್ ಮಾತ್ರ ಹೊಸದಾಗಿ ಕೂರಿಸಿದ್ದರೆ ಹಳೆಯ ಎಣಿಕೆಯೇ ಮುಂದುವರಿದಿರಬಹುದು. ರಿಪೇರಿಯ ರಸೀದಿಯನ್ನು ದಯವಿಟ್ಟು ಎಸೆಯಬೇಡಿ. ಕ್ಯಾಮೆರಾದ ಜೊತೆ ಅದನ್ನೂ ತಂದವರಿಗೆ ನಾವು ಹೆಚ್ಚಿನ ಬೆಲೆ ಕೊಡುತ್ತೇವೆ, ಆ ಕಾಗದಕ್ಕೆ ಅಷ್ಟು ಬೆಲೆಯಿದೆ.

ಇನ್ನು ತಪಾಸಣೆಯ ವಿಷಯ. ವೇಗ ಹೆಚ್ಚಿದಷ್ಟೂ ಶಟರ್‌ನ ದೋಷ ಬೇಗ ಹೊರಬೀಳುತ್ತದೆ. ಸೆಕೆಂಡಿನ 1/200 ಅಥವಾ 1/250 ಭಾಗದವರೆಗೆ ಸೆನ್ಸರ್ ಒಂದು ಕ್ಷಣವಾದರೂ ಪೂರ್ತಿ ತೆರೆದಿರುತ್ತದೆ. ಅದಕ್ಕಿಂತ ವೇಗವಾದರೆ ಮೊದಲ ಪರದೆ ತುದಿ ಮುಟ್ಟುವ ಮೊದಲೇ ಎರಡನೆಯದು ಹೊರಡುತ್ತದೆ, ನಡುವಿನ ಸೀಳು ಮಾತ್ರ ಸೆನ್ಸರ್‌ನ ಮೇಲೆ ಹಾದುಹೋಗುತ್ತದೆ. 1/4000ದಲ್ಲಿ ಆ ಸೀಳು ಒಂದೆರಡು ಮಿಲಿಮೀಟರ್‌ನಷ್ಟೇ. ಒಂದು ಪರದೆ ಕೂದಲೆಳೆಯಷ್ಟು ನಿಧಾನವಾದರೂ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ, ಇಲ್ಲವೇ ಒಂದು ಅಂಚಿನಿಂದ ಇನ್ನೊಂದಕ್ಕೆ ಬೆಳಕು ಏರುಪೇರಾಗುತ್ತದೆ. 1/60ರಲ್ಲಿ ಚೆನ್ನಾಗಿ ಕಾಣುವ ಕ್ಯಾಮೆರಾ 1/4000ದಲ್ಲಿ ತನ್ನ ನಿಜಸ್ಥಿತಿಯನ್ನು ತೋರಿಸುವುದು ಹೀಗೆ.

ಇದನ್ನು ನೀವೂ ಮಾಡಿ ನೋಡಬಹುದು. ಹಗಲು ಬೆಳಕು ಸಮನಾಗಿ ಬೀಳುವ ಬಿಳಿ ಗೋಡೆಯನ್ನು ಆರಿಸಿ, ಫೋಕಸ್ ತಪ್ಪಿಸಿ, ಎಲ್ಲವನ್ನೂ ಮ್ಯಾನುಯಲ್‌ಗೆ, ಅಂದರೆ ಕೈಯಿಂದಲೇ ಹೊಂದಿಸುವಂತೆ, ಹಾಕಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ವೇಗ 1/125 ಇರುವಾಗ ಗೋಡೆ ತಿಳಿ ಬೂದು ಬಣ್ಣಕ್ಕೆ ಬರುವಂತೆ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಹೊಂದಿಸಿ, ಮುಂದೆ ಅದನ್ನು ಮುಟ್ಟಬೇಡಿ. ನಂತರ ವೇಗವನ್ನು 1/250, 1/500 ಎಂದು ದುಪ್ಪಟ್ಟು ಮಾಡುತ್ತಾ, ಐಎಸ್‌ಒ ಕೂಡ 200, 400 ಎಂದು ಏರಿಸುತ್ತಾ 1/4000 ಮತ್ತು 3200ರವರೆಗೆ ಹೋಗಿ. ಎಲ್ಲ ಚಿತ್ರಗಳೂ ಒಂದೇ ಬೂದು ಬಣ್ಣದಲ್ಲಿರಬೇಕು. ಐಎಸ್‌ಒ ಏರಿದಂತೆ ಚಿತ್ರದಲ್ಲಿ ಕಾಳು ಕಾಳಾದ ಚುಕ್ಕೆಗಳು ಹೆಚ್ಚುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಒಂದು ಚಿತ್ರ ಹೆಚ್ಚು ಕಪ್ಪಾಗಿದ್ದು, ಮುಂದಿನದು ಸರಿಯಾಗಿದ್ದರೆ ಅನುಮಾನಿಸಿ, ಅದೇ ವೇಗದಲ್ಲಿ ಹತ್ತು ಚಿತ್ರ ತೆಗೆಯಿರಿ. ಬ್ಲೇಡು ಆಗಾಗ ಸಿಕ್ಕಿಕೊಳ್ಳುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ದೀಪದ ಕೆಳಗೆ ಈ ಪರೀಕ್ಷೆಯನ್ನು ಖಂಡಿತ ಮಾಡಬೇಡಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು, ಅಂಥ ಅನೇಕ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿಣುಕುತ್ತವೆ. ಕಣ್ಣಿಗೆ ಕಾಣದ ಆ ಮಿಣುಕು ವೇಗದ ಶಟರ್‌ನಲ್ಲಿ ಕಪ್ಪು ಪಟ್ಟಿಯಾಗಿ ಮೂಡುತ್ತದೆ. ಅಂಗಡಿಯ ದೀಪದಡಿ ಈ ಪಟ್ಟಿಯನ್ನು ಕಂಡು ಒಳ್ಳೆಯ ಕ್ಯಾಮೆರಾವನ್ನು ಬೇಡವೆಂದವರನ್ನು ನಾವು ನೋಡಿದ್ದೇವೆ. ಅದಕ್ಕಾಗಿಯೇ ನಮ್ಮ ತಪಾಸಣೆಯ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದೇವೆ. ಸಂಜೆ ಅಥವಾ ಗಾಢ ಮೋಡದ ದಿನ ತಪಾಸಣೆ ನಡೆಯುವುದಿಲ್ಲ, ದಯವಿಟ್ಟು ಸಹಕರಿಸಿ.

ಮಾದರಿಗೆ ಸಂಬಂಧಿಸಿದ ದೋಷಗಳನ್ನೂ ಚೀಟಿಯಲ್ಲಿ ಬರೆಯುತ್ತೇವೆ. ನಿಕಾನ್ ಡಿ600ರಲ್ಲಿ ಸೆನ್ಸರ್‌ನ ಮೇಲೆ ಕಲೆಗಳು ಬೀಳುವ ದೂರು ವ್ಯಾಪಕವಾಗಿತ್ತು. 2014ರಲ್ಲಿ ಕಂಪನಿಯೇ ಅದನ್ನು ಉಚಿತವಾಗಿ ಪರಿಶೀಲಿಸಿ ಶಟರ್ ಬದಲಿಸಿಕೊಡಲು ಮುಂದಾಯಿತು. ಡಿ750ರ ಕೆಲವು ತಯಾರಿಕೆಯ ಕಂತುಗಳಲ್ಲಿ ಶಟರ್ ಸರಿಯಾಗಿ ಚಲಿಸದೆ ಚಿತ್ರದ ಒಂದು ಭಾಗ ಕಪ್ಪಾಗುವ ತೊಂದರೆಗೆ 2015ರಲ್ಲಿ ಇಂಥದೇ ಪ್ರಕಟಣೆ ಬಂತು. ಎಣಿಕೆ ಎಷ್ಟೇ ಕಡಿಮೆಯಿದ್ದರೂ ಅಂಥ ಕ್ಯಾಮೆರಾ ಬಂದಾಗ, ಆ ದುರಸ್ತಿ ಆಗಿದೆಯೇ ಎಂದು ವಿಚಾರಿಸಿಯೇ ನಾವು ಮುಂದುವರಿಯುತ್ತೇವೆ.

ಮಿರರ್‌ಲೆಸ್ ಕೊಳ್ಳುವವರಿಗೆ ಒಂದು ಮಾತು. ಇವುಗಳಲ್ಲಿ ಬಹಳಷ್ಟು ಮಾದರಿಗಳು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಿಂದಲೂ ಚಿತ್ರ ತೆಗೆಯುತ್ತವೆ. ಆಗ ಬ್ಲೇಡು ಓಡುವುದೇ ಇಲ್ಲ, ಸವೆತವೂ ಇಲ್ಲ. ಆದ್ದರಿಂದ ಒಟ್ಟು ಚಿತ್ರಗಳ ಸಂಖ್ಯೆಯನ್ನೂ ಯಾಂತ್ರಿಕ ಶಟರ್‌ನ ಎಣಿಕೆಯನ್ನೂ ಒಂದೇ ಎಂದು ಭಾವಿಸಬಾರದು. ನಿಕಾನ್ ಝಡ್ ಸರಣಿಯ ಹಲವು ಮಾದರಿಗಳ ಫೈಲುಗಳಲ್ಲಿ ಇವೆರಡೂ ಬೇರೆಬೇರೆಯಾಗಿ ಸಿಗುತ್ತವೆ. ಹಾಗೆ ಸಿಕ್ಕಲ್ಲಿ ಎರಡನ್ನೂ ಬರೆಯುತ್ತೇವೆ. ಸಿಗದ ಕಡೆ "ಎಣಿಕೆ ಲಭ್ಯವಿಲ್ಲ" ಎಂದು ಬರೆಯುತ್ತೇವೆ, ಅಂದಾಜಿನ ಸಂಖ್ಯೆ ಬರೆಯುವುದಿಲ್ಲ. 2021ರಲ್ಲಿ ಬಂದ ನಿಕಾನ್ ಝಡ್9ರಲ್ಲಿ ಯಾಂತ್ರಿಕ ಶಟರ್ ಇಲ್ಲವೇ ಇಲ್ಲ, ಅದಕ್ಕೆ ಈ ಚೀಟಿಯ ಬದಲು ಬೇರೆ ತಪಾಸಣೆಯ ಚೀಟಿ ಇರುತ್ತದೆ.

ಬೆಲೆಯ ಬಗ್ಗೆ ಹೇಳುವುದಾದರೆ, ಇಷ್ಟು ವರ್ಷ ಹೊರಗಿನ ರೂಪ, ಗೀರು, ರಬ್ಬರಿನ ಸವೆತ ಮತ್ತು ಕೊಂಡ ವರ್ಷ ನೋಡಿ ಬೆಲೆ ಕಟ್ಟುತ್ತಿದ್ದೆವು. ಇನ್ನು ಮುಂದೆ ಮೊದಲ ಸ್ಥಾನ ಶಟರ್‌ನ ಈಗಿನ ಸ್ಥಿತಿಗೆ, ಆಮೇಲೆ ಎಣಿಕೆಗೆ, ಕೊನೆಗೆ ಹೊರಗಿನ ಅಂದಕ್ಕೆ. ಗೀರುಬಿದ್ದಿದ್ದರೂ ಶಟರ್ ಚೆನ್ನಾಗಿರುವ ಕ್ಯಾಮೆರಾಕ್ಕೆ ಇದರಿಂದ ಬೆಲೆ ಸ್ವಲ್ಪ ಏರುತ್ತದೆ. ಹೊಳೆಯುವ ಮೈ ಇದ್ದೂ ಪರೀಕ್ಷೆಯಲ್ಲಿ ಎಡವಿದ ಕ್ಯಾಮೆರಾವನ್ನು ನಾವು ಕೊಳ್ಳುವುದಿಲ್ಲ, ಬಿಡಿಭಾಗಗಳ ಬೆಲೆಗೆ ಬೇಕಾದರೆ ಪಡೆಯುತ್ತೇವೆ. ಹಳೆಯ ಮಾದರಿಗಳಿಗೆ ಹೊಸ ಶಟರ್ ಸಿಗುವುದೇ ಕಷ್ಟವಾಗುತ್ತಿರುವಾಗ, ಇಂದು ಎಡವುತ್ತಿರುವ ಶಟರನ್ನು ವಿದ್ಯಾರ್ಥಿಯೊಬ್ಬರ ಉಳಿತಾಯಕ್ಕೆ ಪ್ರತಿಯಾಗಿ ಕೊಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಮಾರಲು ತರುವವರು ಕ್ಯಾಮೆರಾವನ್ನು ಎರಡು ದಿನ ನಮ್ಮಲ್ಲಿ ಬಿಡಬೇಕು. ಪಡೆದ ರಸೀದಿಯಲ್ಲಿ ಸರಣಿ ಸಂಖ್ಯೆ ಮತ್ತು ಆ ಹೊತ್ತಿನ ಶಟರ್ ಎಣಿಕೆ ಎರಡನ್ನೂ ಬರೆದು ಕೊಡುತ್ತೇವೆ. ಆ ಎರಡು ದಿನ ನಿಮ್ಮ ಕ್ಯಾಮೆರಾ ತಪಾಸಣೆಗೆ ಬಿಟ್ಟು ಬೇರೆ ಯಾವುದಕ್ಕೂ ಬಳಕೆಯಾಗಿಲ್ಲ ಎಂಬುದನ್ನು ನೀವೇ ಪರಿಶೀಲಿಸಿಕೊಳ್ಳಬಹುದು. ಬ್ಯಾಟರಿ ತುಂಬಿಸಿ ತನ್ನಿ, ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ.

ಕೊಳ್ಳುವವರು ಚೀಟಿಯನ್ನು ನಂಬಿ ಸುಮ್ಮನಾಗಬೇಕಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ, ಮೇಲೆ ಹೇಳಿದ ಪರೀಕ್ಷೆಯನ್ನು ನಿಮ್ಮ ಕೈಯಿಂದಲೇ ಮಾಡಿ ನೋಡಿ. ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಿ. ಚೀಟಿ ಇರುವ ಕ್ಯಾಮೆರಾದ ಶಟರ್ ಕೊಂಡ ಮೂರು ತಿಂಗಳೊಳಗೆ ಕೆಟ್ಟರೆ, ಬಿದ್ದ ಅಥವಾ ನೀರು ಹೊಕ್ಕ ಗುರುತಿಲ್ಲದಿದ್ದಲ್ಲಿ, ಪೂರ್ತಿ ಹಣ ಹಿಂತಿರುಗಿಸುತ್ತೇವೆ. ಈ ಮೊದಲು ನಮ್ಮಲ್ಲಿ ಕೊಂಡವರಿಗೂ ತಪಾಸಣೆ ಉಚಿತ, ಹಳೆಯ ಬಿಲ್ಲು ತಂದರೆ ಸಾಕು. ಬೇರೆಡೆ ಕೊಂಡ ಅಥವಾ ಕೊಳ್ಳಲಿರುವ ಕ್ಯಾಮೆರಾವನ್ನು ಪರೀಕ್ಷಿಸಿ ಚೀಟಿ ಕೊಡಲು 300 ರೂಪಾಯಿ. ತಪಾಸಣೆಯ ಸಮಯ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ, ಭಾನುವಾರ ಬಿಡುವು.

ಇಂತಿ ನಿಮ್ಮ ವಿಶ್ವಾಸಿಗಳು,
ಅಂಗಡಿಯ ಮಾಲೀಕರು ಮತ್ತು ಸಿಬ್ಬಂದಿ
ಮೈಸೂರು