ಅಪ್ಪನ ವರದಿ ಯಾರ ಯಾರ ಕೈ ಸೇರಿತು, ಸಚಿವರೇ?

ಮಾನ್ಯ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವರಿಗೆ ನಮಸ್ಕಾರಗಳು.

ಹನ್ನೊಂದು ತಿಂಗಳಿಂದ ಬರೆಯುತ್ತಲೇ ಇದ್ದೇನೆ. ಲ್ಯಾಬಿಗೆ ಬರೆದೆ, ಅವರ ಕುಂದುಕೊರತೆ ಅಧಿಕಾರಿಗೆ ಬರೆದೆ, ಉತ್ತರ ಬಾರದಿದ್ದಾಗ ಮತ್ತೆ ಅವರಿಗೇ ಬರೆದೆ. ಇನ್ನು ಉಳಿದವರು ತಾವೊಬ್ಬರೇ.

ಅಪ್ಪನಿಗೆ 74 ವರ್ಷ. ಅವರ ಬಯಾಪ್ಸಿ ವರದಿ ಒಂದು ಮಂಗಳವಾರ ಸಂಜೆ ನನ್ನ ಮೊಬೈಲಿಗೆ ಬಂತು. ಕ್ಯಾನ್ಸರ್. ಅವರಿಗೆ ಹೇಗೆ ಹೇಳುವುದು ಅಂತ ನಾನೂ ತಮ್ಮನೂ ರಾತ್ರಿಯೆಲ್ಲ ಕೂತು ಯೋಚಿಸಿದೆವು. ಭಾನುವಾರ ಅಕ್ಕ ಬರಲಿ, ಮೂವರೂ ಜೊತೆಗಿದ್ದು ಹೇಳೋಣ ಅಂದುಕೊಂಡೆವು. ಶುಕ್ರವಾರ ಬೆಳಿಗ್ಗೆ ಅಪ್ಪನ ಫೋನು ರಿಂಗಾಯಿತು. ಆ ಕಡೆಯಿಂದ ಒಬ್ಬ ಹುಡುಗಿ, ಬಹಳ ಮರ್ಯಾದೆಯಿಂದ, "ಸರ್, ನಿಮ್ಮ ಕ್ಯಾನ್ಸರ್ ಚಿಕಿತ್ಸೆಗೆ ಸುಲಭ ಕಂತಿನ ಸಾಲ ಇದೆ, ಎರಡು ನಿಮಿಷ ಮಾತಾಡಬಹುದಾ?" ಅಂದಳು. ಅಪ್ಪ "ರಾಂಗ್ ನಂಬರಮ್ಮ" ಅಂದರು. ಅವಳು ಅವರ ಹೆಸರು, ವಯಸ್ಸು, ಪರೀಕ್ಷೆ ಮಾಡಿಸಿದ ತಾರೀಖು ಎಲ್ಲವನ್ನೂ ಓದಿ ಹೇಳಿದಳು. ಅಪ್ಪ ಫೋನು ಕೆಳಗಿಟ್ಟು ನನ್ನ ಮುಖ ನೋಡಿದರು. ಭಾನುವಾರ ಅಕ್ಕ ಬಂದಾಗ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಅವಳ ಮುಂದೊಂದು ಪಟ್ಟಿ ಇತ್ತು, ಓದಿದಳು. ಅದು ಅವಳ ಕೈಗೆ ಯಾರ ಯಾರನ್ನು ದಾಟಿ ಬಂತು? ನಾನು ಕೇಳುತ್ತಿರುವುದು ಇಷ್ಟೇ.

ಲ್ಯಾಬಿನವರು "ನೀವೇ ಸಹಿ ಹಾಕಿದ್ದೀರಲ್ಲ" ಅಂದರು. ಹೌದು, ಒಳಗೆ ಕರೆದೊಯ್ಯುವ ಮುಂಚೆ ಅಪ್ಪನಿಗೆ ಕೊಟ್ಟ ಫಾರ್ಮಿನ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, "ಸಹಯೋಗಿ ಸಂಸ್ಥೆಗಳೊಂದಿಗೆ ಹಂಚಿಕೊಳ್ಳಲು ಒಪ್ಪಿದ್ದೇನೆ" ಅಂತಿತ್ತು. ಆ ಸಹಯೋಗಿಗಳು ಯಾರು ಅಂದರೆ ಅದು ಸಂಸ್ಥೆಯ ಒಳಗಿನ ವಿಷಯವಂತೆ. ಡೇಟಾ ಎಲ್ಲಿದೆ ಅಂದರೆ ಸರ್ವರ್ ವಿದೇಶದಲ್ಲಿದೆಯಂತೆ, ಯಾವ ದೇಶ ಅಂತ ಮಾತ್ರ ಹೇಳಲಿಲ್ಲ. ಅಪ್ಪನ ಹತ್ತಿರ ಪಾಸ್‌ಪೋರ್ಟೇ ಇಲ್ಲ ಸ್ವಾಮಿ. ಅವರ ಗಡ್ಡೆಯ ಅಳತೆ ಮಾತ್ರ ವಿದೇಶ ಪ್ರವಾಸ ಮಾಡಿ ಬಂದಿದೆ.

ನಮ್ಮ ಡೇಟಾ ಕಾಯಲೆಂದೇ ಇರುವ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯನ್ನು ತಮಗೆ ನಾನು ಓದಿ ಹೇಳಬೇಕಿಲ್ಲ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2023ರ ಆಗಸ್ಟ್ 11ರಂದು. ನನ್ನ ಡೇಟಾ ಯಾರ ಜೊತೆಗೆಲ್ಲ ಹಂಚಿಕೆಯಾಯಿತೋ ಅವರೆಲ್ಲರ ಗುರುತು ಕೇಳಿ ಪಡೆಯುವ ಹಕ್ಕು ಸೆಕ್ಷನ್ 11ರಲ್ಲೇ ಇದೆ. ಓದಿ ಸಮಾಧಾನವಾಯಿತು. ಆಮೇಲೆ ಅಧಿಸೂಚನೆ ನೋಡಿದೆ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಸೆಕ್ಷನ್ 11 ಜಾರಿಗೆ ಅಲ್ಲಿಂದ ಮತ್ತೆ 18 ತಿಂಗಳು. ಅದೇ ಕಾಯ್ದೆಯ 44(3) ಇದೆಯಲ್ಲ, ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೆ "ಇದು ವೈಯಕ್ತಿಕ ಮಾಹಿತಿ" ಎಂದು ಬಾಗಿಲು ಹಾಕಲು ಅನುಕೂಲ ಮಾಡಿಕೊಟ್ಟ ತಿದ್ದುಪಡಿ, ಅದಕ್ಕೆ ಒಂದು ದಿನವೂ ಕಾಯುವ ಕಷ್ಟ ಬರಲಿಲ್ಲ. ಅದೇ ನವೆಂಬರಿನಲ್ಲಿ ಜಾರಿ!

ಕಂಪನಿಗಳಿಗೆ ಸಿದ್ಧತೆಗೆ ಸಮಯ ಬೇಕಂತೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟದ್ದು 2017ರ ಆಗಸ್ಟ್ 24ರಂದು. ಅಂದಿನಿಂದ ಇಂದಿನವರೆಗೂ ಸಿದ್ಧತೆಯೇ ನಡೆದಿದೆಯೇ? ಸೆಕ್ಷನ್ 11ನ್ನು ಈಗಲೇ ಜಾರಿಗೆ ತನ್ನಿ.

ಗಡಿ ದಾಟುವ ಡೇಟಾಕ್ಕೆ ಸೆಕ್ಷನ್ 16 ಇದೆ ಅನ್ನುತ್ತೀರಿ. ಸರ್ಕಾರ ನಿರ್ಬಂಧಿಸಿದ ದೇಶಗಳನ್ನು ಬಿಟ್ಟರೆ ಉಳಿದ ಕಡೆಗೆಲ್ಲ ಅದು ದಾರಿ ತೆರೆದೇ ಇಟ್ಟಿದೆ. ಯುರೋಪಿನವರ ಡೇಟಾವನ್ನು ಅಮೆರಿಕಕ್ಕೆ ಸಾಗಿಸಿದ್ದಕ್ಕೆ 2023ರ ಮೇ ತಿಂಗಳಲ್ಲಿ ಮೆಟಾ ಕಂಪನಿಗೆ 120 ಕೋಟಿ ಯೂರೋ ದಂಡ ಬಿತ್ತು. ನಮ್ಮಲ್ಲಿ ಯಾವ ದೇಶಕ್ಕೆ ಹೋಯಿತು ಅಂತ ಕೇಳುವುದಕ್ಕೂ ಇನ್ನೂ ಮುಹೂರ್ತ ಕೂಡಿಬಂದಿಲ್ಲ.

ದಂಡ 250 ಕೋಟಿವರೆಗೆ ಅಂತ ಭಾಷಣಗಳಲ್ಲಿ ಕೇಳಿದ್ದೇವೆ. ಅದು ಹೋಗುವುದು ಭಾರತದ ಸಂಚಿತ ನಿಧಿಗೆ, ಅಪ್ಪನಿಗೆ ಬಿಡಿಗಾಸೂ ಇಲ್ಲ. ನೊಂದವರಿಗೆ ಪರಿಹಾರಕ್ಕೆ ದಾರಿ ಮಾಡಿದ್ದ ಐಟಿ ಕಾಯ್ದೆಯ 43ಎ ಕೂಡ ಈ ಕಾಯ್ದೆ ಪೂರ್ತಿ ಜಾರಿಯಾದ ದಿನ ಅಳಿಸಿಹೋಗುತ್ತದೆ. ಸುಳ್ಳು ದೂರು ಕೊಟ್ಟರೆ ನಮ್ಮಂಥವರಿಗೆ 10,000 ರೂಪಾಯಿವರೆಗೆ ದಂಡ ಎಂಬುದನ್ನು ಮಾತ್ರ ಯಾರೂ ಬರೆಯಲು ಮರೆತಿಲ್ಲ. ನನ್ನ ದೂರು ಸುಳ್ಳಲ್ಲ, ಕರೆ ಬಂದ ನಂಬರು ಈಗಲೂ ನನ್ನ ಹತ್ತಿರ ಇದೆ.

ಸೆಕ್ಷನ್ 11ನ್ನು ಜಾರಿಗೆ ತನ್ನಿ. ಎಲ್ಲರಿಗೂ ಈಗಲೇ ಆಗದಿದ್ದರೆ ಆಸ್ಪತ್ರೆ, ಲ್ಯಾಬುಗಳಿಗಾದರೂ ಮೊದಲು ಅನ್ವಯಿಸಿ. ಕಾಯ್ದೆಯ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ತಾರೀಖು ಕೊಡಲು ಬರುತ್ತದೆ ಅಂತ ತಾವೇ ತೋರಿಸಿಕೊಟ್ಟಿದ್ದೀರಿ.

ಅಪ್ಪ ಈಗ ಗುರುತಿಲ್ಲದ ನಂಬರಿನ ಕರೆ ಎತ್ತುವುದಿಲ್ಲ. ಹೋದ ವಾರ ಕೀಮೋ ದಿನ ಬದಲಾಗಿದೆ ಅಂತ ಹೇಳಲು ಆಸ್ಪತ್ರೆಯವರು ನಾಲ್ಕು ಸಲ ಫೋನು ಮಾಡಿದ್ದರಂತೆ.

ಇತಿ,
ಒಬ್ಬ ರೋಗಿಯ ಮಗಳು