‘ಸಸ್ಪೆಕ್ಟ್’ ಯಾವ ಕಡೆಗೆ ವಾಲುತ್ತದೆ?

ಉಡುಪಿ

ಪ್ರೀತಿಯ ತಮ್ಮನಿಗೆ,

ನಿನ್ನ ಅನುವಾದದ ಕತೆ ತಲುಪಿತು. ಎರಡು ಸಲ ಓದಿದೆ. ಮುದುಕಿ ಕಿಟಕಿಯ ಹತ್ತಿರ ಕೂತು ಮಳೆ ನೋಡುವ ಭಾಗ ತುಂಬ ಚೆನ್ನಾಗಿ ಬಂದಿದೆ, ಅದನ್ನು ಮುಟ್ಟಬೇಡ. ಆದರೆ ಏಳನೇ ಪುಟದಲ್ಲಿ ‘ಸಂಶಯಾಸ್ಪದ ಗಂಡ’ ಎಂದು ಬರೆದಿದ್ದೀ. ಇಂಗ್ಲಿಷಿನ ‘ಸಸ್ಪಿಷಿಯಸ್’ ಸಂಶಯಪಡುವವನಿಗೂ ಆಗುತ್ತದೆ, ಸಂಶಯಕ್ಕೆ ಎಡೆಕೊಡುವವನಿಗೂ ಆಗುತ್ತದೆ. ನಮ್ಮ ‘ಸಂಶಯಾಸ್ಪದ’ ಎರಡನೆಯವನಿಗೆ ಮಾತ್ರ. ಹೆಂಡತಿಯ ಚೀಲ ತಡಕುವವನು ಗಂಡ. ನಿನ್ನ ಕನ್ನಡದಲ್ಲಿ ಆರೋಪ ಅವನ ತಲೆಗೇ ಬಂತು. ‘ಸಂಶಯದ ಗಂಡ’ ಅಂದಿದ್ದರೆ ಸಾಕಿತ್ತು.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಮೂಲ ನನ್ನ ಕೈಯಲ್ಲಿಲ್ಲ. ಆದರೂ ‘ಸಸ್ಪೆಕ್ಟ್’, ‘ಡೌಟ್’ ಎರಡಕ್ಕೂ ನೀನು ‘ಸಂಶಯಿಸಿದ’ ಎಂದೇ ಹಾಕಿರಬೇಕೆಂದು ನನ್ನ ಅನುಮಾನ. ‘ಐ ಸಸ್ಪೆಕ್ಟ್ ಹೀ ವಿಲ್ ಕಮ್’ ಎಂದರೆ ಅವನು ಬರುತ್ತಾನೆಂದೇ ಎಣಿಕೆ. ಅದೇ ಜಾಗದಲ್ಲಿ ‘ಡೌಟ್’ ಬಂದರೆ, ಬರಲಿಕ್ಕಿಲ್ಲ ಎಂದು.

ನಾನು ಇದನ್ನು ಕಲಿತದ್ದು ಮಂಗಳೂರಿನ ಒಂದು ಪತ್ರಿಕೆಯಲ್ಲಿ, ಉಪಸಂಪಾದಕನಾಗಿ ಸೇರಿದ ಹೊಸದರಲ್ಲಿ. ಊರೊಂದರಲ್ಲಿ ಕೆಲವರಿಗೆ ವಾಂತಿಭೇದಿ ಆಗಿತ್ತು. ಅದು ಕಾಲರಾ ಎಂಬುದನ್ನು ವೈದ್ಯರು ‘ಡೌಟ್’ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಸುದ್ದಿ ಬಂತು. ಅಂದರೆ ಕಾಲರಾ ಆಗಿರಲಿಕ್ಕಿಲ್ಲ ಎಂದು. ರಾತ್ರಿಯ ಗಡಿಬಿಡಿಯಲ್ಲಿ ನಾನು ಕೊಟ್ಟ ತಲೆಬರಹ: ‘ಕಾಲರಾ: ವೈದ್ಯರ ಸಂಶಯ’. ಮರುದಿನ ಮಧ್ಯಾಹ್ನ ಮೀನು ಮಾರುವ ಹೆಂಗಸೊಬ್ಬರು ಕಚೇರಿಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದರು. ಬೂತಾಯಿ ಮೀನು ತುಂಬಿದ್ದದ್ದು ತುಂಬಿದ ಹಾಗೇ ಇತ್ತು, ಅಡಿಯಲ್ಲಿದ್ದವುಗಳ ಹೊಟ್ಟೆ ಒಡೆಯಲು ಶುರುವಾಗಿತ್ತು. “ನೀವು ಬರೆದದ್ದು ಕೇಳಿ ಇವತ್ತು ಯಾರೂ ಮೀನು ಮುಟ್ಟಲಿಲ್ಲ” ಎಂದರು. ಬೈಯಲಿಲ್ಲ. ನಾಳೆಯ ಪತ್ರಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ ಎಂದೆ. ಆ ಬುಟ್ಟಿಗೆ ಅದರಿಂದ ಏನಾಗಬೇಕಿತ್ತು?

ದಾರಿ ನಮ್ಮ ಬಾಯಲ್ಲೇ ಇದೆ. ‘ಅವ ಬರುದು ಡೌಟು ಮಾರಾಯ’ ಎಂದು ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತವನು ಹೇಳಿದರೆ ಯಾರಿಗೂ ಗೊಂದಲವಿಲ್ಲ. ‘ಅವನು ಕದ್ದಿರುವುದು ಸಂಶಯ’ ಎಂದರೆ ಕದ್ದಿರಲಿಕ್ಕಿಲ್ಲ. ‘ಅವನು ಕದ್ದಿರುವ ಸಂಶಯ’ ಎಂದರೆ ಕದ್ದಿರಬೇಕು. ಬಾಲದ ‘ಉದು’ ಉದುರಿದ್ದಕ್ಕೆ ಒಬ್ಬ ಮನುಷ್ಯ ಕಳ್ಳನಾಗುತ್ತಾನೆ. ಹಾಗಾಗಿ ವಾಕ್ಯದ ಕೊನೆಯನ್ನು ಗಟ್ಟಿಯಾಗಿ ಓದಿಕೊ.

ಇಂಗ್ಲಿಷ್–ಕನ್ನಡ ನಿಘಂಟು ತೆರೆದರೆ ಸಂಶಯ, ಅನುಮಾನ, ಶಂಕೆ, ಗುಮಾನಿ ಸಾಲಾಗಿ ನಿಂತಿರುತ್ತವೆ, ಆರಿಸುವ ಕಷ್ಟ ನಿನ್ನದು. ನಾನು ಕನ್ನಡದ ಕಡೆಯಿಂದಲೇ ಹೊರಡುತ್ತೇನೆ. ಮೇಜಿನ ಮೇಲೆ ಕಿಟೆಲರ ಕನ್ನಡ–ಇಂಗ್ಲಿಷ್ ಕೋಶ ಇರುತ್ತದೆ, 1894ರಲ್ಲಿ ಬಾಸೆಲ್ ಮಿಶನ್ನಿನವರು ನಿನ್ನ ಮಂಗಳೂರಿನಲ್ಲೇ ಹೊರತಂದದ್ದು. ‘ಅನುಮಾನ’ ನ್ಯಾಯಶಾಸ್ತ್ರದ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದ ಪದ: ಬೆಟ್ಟದ ಮೇಲೆ ಹೊಗೆ ಕಂಡು, ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು. ‘ಸಂಶಯ’ ಹಾಗಲ್ಲ, ಮಬ್ಬಿನಲ್ಲಿ ಕಂಡದ್ದು ಕಂಬವೋ ಮನುಷ್ಯನೋ ಎಂದು ಮನಸ್ಸು ಎರಡೂ ಕಡೆ ತೂಗುವುದು. ಇವತ್ತಿನ ಮಾತಿನಲ್ಲಿ ಎರಡೂ ಬೆರೆತಿವೆ, ನಿಜ. ಆದರೂ ‘ಸಸ್ಪೆಕ್ಟ್’ ಎದುರಾದರೆ ನನ್ನ ಕೈ ಅನುಮಾನದ ಕಡೆಗೇ ಹೋಗುತ್ತದೆ. ಅಲ್ಲಿ ಹೊಗೆಯಾದರೂ ಇದೆ.

ಅದೇ ‘ಸಸ್ಪೆಕ್ಟ್’ ಒಬ್ಬ ಮನುಷ್ಯನಿಗೆ ಅಂಟಿಕೊಂಡಾಗ ಇನ್ನೂ ಹುಷಾರಾಗಿರು. ಶಂಕಿತ ಬೇರೆ, ಆರೋಪಿ ಬೇರೆ, ಅಪರಾಧಿ ಬೇರೆ. ‘ಶಂಕಿತ ಕಳ್ಳ’ ಎಂದರೆ ಓದುಗರ ಕಿವಿಯಲ್ಲಿ ಉಳಿಯುವುದು ಕಳ್ಳ. ‘ಪೊಲೀಸರಿಗೆ ಅವನ ಮೇಲೆ ಗುಮಾನಿ ಇತ್ತು’ ಎಂದು ಬರೆ. ಗುಮಾನಿ ಯಾರದ್ದೋ ಅವರ ಬಳಿಯೇ ಇರಲಿ.

ಹನ್ನೆರಡನೇ ಪುಟದಲ್ಲಿ, ಮಗ ಹಣ ಕಳಿಸಿದ್ದನ್ನು ಮುದುಕಿ ‘ಸಂಶಯಿಸಿದಳು’ ಎಂಬಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದೇನೆ, ಬೇರೆ ಪದ ಬರೆದಿಲ್ಲ. ಗುಟ್ಟಾಗಿ ಕಳಿಸಿದವನು ಅವನೇ ಎಂದು ಅವಳಿಗೆ ಅನಿಸಿತೋ, ಅವನು ಕಳಿಸಿರಲಿಕ್ಕಿಲ್ಲ ಎಂದು ಅನಿಸಿತೋ? ಕತೆಯ ಕೊನೆ ಪೂರ್ತಿ ಅದರ ಮೇಲೆ ನಿಂತಿದೆ. ಶನಿವಾರ ಬರುವಾಗ ಮೂಲದ ಪುಸ್ತಕವನ್ನೂ ತಾ.

ನಿನ್ನ
ಅಣ್ಣ