ಫಾರ್ಮಾಲಿನ್ ಮುಚ್ಚಳ ತೆಗೆಯುವ ಮುನ್ನ: ಮಗಳಿಗೊಂದು ಪತ್ರ

ಶಿರಸಿ

ಪ್ರೀತಿಯ ಕೂಸೇ,

ಕಾರವಾರದಲ್ಲಿ ಇನ್ನು ಮೆದುಳು ತೆಗೆದು ಪರೀಕ್ಷೆಗೆ ಅಣಿ ಮಾಡುವ ಕೆಲಸವೂ ನಿನ್ನ ಪಾಲಿಗೆ ಬಂತು ಅಂದೆಯಲ್ಲ, ಮೆದುಳು ಕೆಡದಂತೆ ಗಟ್ಟಿ ಮಾಡುವ ಫಾರ್ಮಾಲಿನ್ ದ್ರಾವಣದ ಬಕೆಟ್ಟಿನ ಮುಚ್ಚಳ ತೆಗೆಯಲು ಮಾತ್ರ ಅವಸರ ಮಾಡಬೇಡ. ಅದರಲ್ಲಿ ಮುಳುಗಿದ ಮೆದುಳಿನಿಂದ ಸ್ಲೈಡ್ ಸಿಗುತ್ತದೆ, ಜೀವಂತ ವೈರಸ್ ಸಿಗುವುದಿಲ್ಲ.

ನಾಯಿ ಕಚ್ಚಿತ್ತು, ನೀರು ಕಂಡರೆ ಗಂಟಲು ಬಿಗಿಯುತ್ತಿತ್ತು ಅಂತ ಮನೆಯವರು ಹೇಳಿದರೆ ರೇಬೀಸ್ ಇರಬಹುದು, ಮೊದಲು ಹಸಿ ತುಂಡು ಎತ್ತಿಡು. ಮೆದುಳುಕಾಂಡದ ಪೂರ್ತಿ ಅಡ್ಡಸೀಳೇ ಬೇಕು. ವೈರಸ್ ಕೆಲವೊಮ್ಮೆ ಒಂದೇ ಮಗ್ಗುಲಲ್ಲಿರುತ್ತದೆ. ಜೊತೆಗೆ ಕಿರುಮೆದುಳು. ಸೋರದ ಡಬ್ಬಿಯಲ್ಲಿಟ್ಟು, ಸುತ್ತ ಐಸ್ ತುಂಬಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸು. ಘಟ್ಟ ಹತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಐಸ್ ಕರಗೀತು ಅನಿಸಿದರೆ 50% ಗ್ಲಿಸರಾಲ್ ಬೆರೆಸಿದ ಸಲೈನ್ ಉಪ್ಪುನೀರಿನಲ್ಲಿಡು. 1903ರಲ್ಲಿ ಇಟಲಿಯ ವೈದ್ಯ ನೆಗ್ರಿ ನರಕೋಶಗಳೊಳಗೆ ತೋರಿಸಿದ ಕೆಂಪು ಕಾಯಗಳನ್ನೇ ಹುಡುಕುತ್ತ ಕೂರಬೇಡ. ಅವು ಕಂಡರೆ ರೇಬೀಸ್ ಹೌದು, ಕಾಣದಿದ್ದರೆ ಅಲ್ಲ ಅನ್ನಲಾಗದು. ಇಂಥ ಬುರುಡೆಗೆ ಕೈಗರಗಸವೇ ಸರಿ, ವಿದ್ಯುತ್ ಗರಗಸ ತುಂತುರು ಎಬ್ಬಿಸುತ್ತದೆ. ಲಸಿಕೆ ಆಗದೆ ಮುಟ್ಟಲೇಬೇಡ; ಆಯಿಯ ಹಟ ಅಂತಲೇ ಇಟ್ಟುಕೋ.

ಉಳಿದದ್ದನ್ನು ತೂಗು. ದೊಡ್ಡವರ ಇಡೀ ಮೆದುಳಾದರೆ ಸುಮಾರು 1,200ರಿಂದ 1,400 ಗ್ರಾಂ. ಹಸಿ ಮೆದುಳು ಎಳನೀರ ಗಂಜಿಯಷ್ಟು ಮೆತ್ತಗೆ, ಬಕೆಟ್ಟಿನ ತಳದಲ್ಲಿ ಕೂತರೆ ಚಪ್ಪಟೆಯಾಗುತ್ತದೆ. ಬುಡದ ಬೇಸಿಲಾರ್ ರಕ್ತನಾಳದಡಿ ದಾರ ತೂರಿಸಿ, ಎರಡು ತುದಿಗಳನ್ನೂ ಹಿಡಿಕೆಗೆ ಕಟ್ಟಿ ತಲೆಕೆಳಗಾಗಿ ತೂಗಿಬಿಡು. ಗಾಢ ಫಾರ್ಮಾಲಿನ್ 1 ಪಾಲಿಗೆ ನೀರು 9 ಪಾಲು, ಮೇಲೆ ಹುಳಿ ಏರದಂತೆ ತಡೆಯುವ ಫಾಸ್ಫೇಟ್ ಬಫರ್. ಬಫರ್ ಮರೆತರೆ ಸ್ಲೈಡಿನ ತುಂಬ ಕಂದುಗಪ್ಪು ಕಸ. ದ್ರಾವಣ ಮೆದುಳಿನ ಹತ್ತು ಪಟ್ಟಿರಲಿ. ಎರಡು ವಾರ ಬಿಟ್ಟು ನೋಡು, ಆರಿದ ಹಾಲುಬಾಯಿಯಂತೆ 1 ಸೆಂ.ಮೀ. ಬಿಲ್ಲೆಗಳು ಬರುತ್ತವೆ.

ಕಡಲಂಚಿನ ಸೆಕೆಯಲ್ಲಿ ಶವ ತಣ್ಣಗಿನ ಪೆಟ್ಟಿಗೆ ಸೇರುವುದು ತಡವಾದರೆ ಬಿಲ್ಲೆಯ ತುಂಬ ನೀರುದೋಸೆಯ ಕಣ್ಣುಗಳು. ಅದು ರೋಗವಲ್ಲ, ಸತ್ತ ಮೇಲೆ ಬ್ಯಾಕ್ಟೀರಿಯಾ ಎಬ್ಬಿಸಿದ ಗಾಳಿಗುಳ್ಳೆ. ಲಾಡಿಹುಳುವಿನ ಚೀಲ ಅಂತ ಬರೆದುಬಿಟ್ಟೀಯೆ! ಚೀಲಕ್ಕೆ ಗೋಡೆಯಿರುತ್ತದೆ, ಸುತ್ತ ಉರಿಯೂತವೂ ಇರಬಹುದು. ಗುಳ್ಳೆಗೆ ಎರಡೂ ಇಲ್ಲ.

ಮರೆವಿನ ಕಾಯಿಲೆಗೆ ನೆನಪು ಕೂಡಿಡುವ ಭಾಗವಾದ ಹಿಪ್ಪೊಕ್ಯಾಂಪಸ್ ತಪ್ಪಿಸಬೇಡ. ಪಾರ್ಕಿನ್ಸನ್ ಆದರೆ ನಡುಮೆದುಳಿನ ಕಪ್ಪು ಪಟ್ಟಿ ಮಾಸಿದೆಯೇ ನೋಡು. ಮೆದುಳು ಕೆಡಿಸುವ ಸೋಂಕುಕಾರಕ ಪ್ರೋಟೀನ್ ಆದ ಪ್ರಿಯಾನ್‌ನ ಸಂಶಯವಿದ್ದರೆ ಫಾರ್ಮಾಲಿನ್ ನಂಬಬೇಡ, ಅದಕ್ಕೆ ಪ್ರಿಯಾನ್ ಜಗ್ಗುವುದಿಲ್ಲ. ಸಣ್ಣ ತುಂಡುಗಳು ಗಾಢ ಫಾರ್ಮಿಕ್ ಆಮ್ಲದಲ್ಲಿ 1 ಗಂಟೆ ಇದ್ದ ಮೇಲೆಯೇ ಮುಂದಿನ ಕೆಲಸ.

ಮತ್ತೆ, ಶವದ ಸಂಖ್ಯೆಯನ್ನು ಡಬ್ಬಿಯ ಮೈಮೇಲೆ ಬರೆ. ಮುಚ್ಚಳಗಳು ಅದಲುಬದಲಾಗುತ್ತವೆ.

ನಿನ್ನ ಆಯಿ